ಚೌಕಟ್ಟಿನ ಅಂಚಿನಲ್ಲಿ ನಿಂತವರು
(ಶಾಲೆಯ ವಿಜ್ಞಾನ ದಿನದಂದು ಮಾಡಿದ ಭಾಷಣದ ಬರಹ ರೂಪ)



ವಿಜ್ಞಾನ ದಿನದಂದು ಭಾಷಾ ಶಿಕ್ಷಕನಿಗೇನು ಕೆಲಸ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಉರ್ದು ಮತ್ತು ಕನ್ನಡ ಪಾಠ ಮಾಡುವ ನಾನು ಇಂದು ಕ್ಯಾಮೆರಾದ ಮಸೂರದ ಬಗ್ಗೆ ಮಾತನಾಡಲು ಬಂದಿದ್ದೇನೆ. ಆದ್ದರಿಂದ ಭಾಷೆಯಿಂದಲೇ ಆರಂಭಿಸುತ್ತೇನೆ. ಇಂಗ್ಲಿಷಿನ ಲೆನ್ಸ್ ಎಂಬ ಪದ ಲ್ಯಾಟಿನ್ನಿನಿಂದ ಬಂದದ್ದು. ಅಲ್ಲಿ ಅದರ ಅರ್ಥ ಬೇಳೆಕಾಳು. ಉರ್ದುವಿನಲ್ಲಿ ನಾವು ಅದಸಾ ಎನ್ನುತ್ತೇವೆ. ಅರಬ್ಬಿಯಲ್ಲಿ ಅದಸ್ ಎಂದರೂ ಅದೇ ಬೇಳೆ. ಇನ್ನು ನಮ್ಮ ಕನ್ನಡದ ಮಸೂರ? ನಿಮ್ಮ ತಾಯಂದಿರು ಅಡುಗೆಮನೆಯ ಡಬ್ಬಿಯಲ್ಲಿ ಇಟ್ಟಿರುವ ಮಸೂರ್ ದಾಲ್, ಅಂದರೆ ಚೆನ್ನಂಗಿ ಬೇಳೆ, ಅದೇ ಮಸೂರ. ಎರಡೂ ಕಡೆ ಉಬ್ಬಿದ ಗಾಜಿನ ಬಿಲ್ಲೆಯನ್ನು ಕಂಡಾಗ ಮೂರು ದಿಕ್ಕಿನ ಜನರಿಗೂ ನೆನಪಾದದ್ದು ಒಂದೇ ಕಾಳು. ಒಂದು ಸಣ್ಣ ಬೇಳೆಯಾಕಾರದ ಗಾಜು ಜಗತ್ತನ್ನು ಎಷ್ಟು ಚೆನ್ನಾಗಿ, ಎಷ್ಟು ನ್ಯಾಯವಾಗಿ ತೋರಿಸಬಲ್ಲದು ಎಂಬುದೇ ಇಂದಿನ ನನ್ನ ವಿಷಯ. ಅದರಲ್ಲೂ ರೇಂಜ್‌ಫೈಂಡರ್ ಕ್ಯಾಮೆರಾಗಳಿಗಾಗಿ ಮಾಡಿದ, ಮಂದ ಬೆಳಕಿನಲ್ಲೂ ಕೆಲಸ ಮಾಡುವ ವಿಶಾಲಕೋನ ಮಸೂರಗಳ ಬಗ್ಗೆ ಹೇಳುತ್ತೇನೆ.

ಈ ವಿಷಯವೇ ಏಕೆಂದರೆ, ಒಂದು ಫೋಟೊದಲ್ಲಿ ನಾನು ಮಾಡಿದ ತಪ್ಪು ಇಂದಿಗೂ ನನ್ನನ್ನು ಕಾಡುತ್ತಿದೆ.

ಒಂದು ಬೀಳ್ಕೊಡುಗೆ

ನನ್ನ ಮಾಮು ಬಹಳ ವರ್ಷ ಗಲ್ಫ್‌ನಲ್ಲಿ ದುಡಿದವರು. ಊರಿಗೆ ಮರಳುವಾಗ ಅವರು ತಂದಿದ್ದ ಒಂದು ಜಪಾನಿ ಕ್ಯಾಮೆರಾ ನನ್ನ ಪಾಲಿಗೆ ಬಂದಿತು. ಯಾಶಿಕಾ ಎಲೆಕ್ಟ್ರೊ 35 ಸಿಸಿ ಎಂಬುದು ಅದರ ಹೆಸರು, 1970ರಲ್ಲಿ ಬಿಡುಗಡೆಯಾದ ಮಾದರಿ. ಅದರ ಮಸೂರ 35 ಮಿಲಿಮೀಟರ್, ದ್ವಾರ ಎಫ್ 1.8. ಇದು ವಿಶಾಲಕೋನದ್ದೂ ಹೌದು, ಬೆಳಕನ್ನು ಧಾರಾಳವಾಗಿ ಒಳಗೆ ಬಿಡುವಂಥದ್ದೂ ಹೌದು.

2017ರ ಜೂನ್ ಕೊನೆಯ ದಿನ ನಮ್ಮ ಮುಖ್ಯೋಪಾಧ್ಯಾಯರ ನಿವೃತ್ತಿ. ನಾನು ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಹೊರಗೆ ಜಡಿಮಳೆ, ಕರೆಂಟು ಇಲ್ಲ. ಸಣ್ಣ ಹಾಲಿನಲ್ಲಿ 24 ಜನ ಸಿಬ್ಬಂದಿ ಎರಡು ಸಾಲಾಗಿ ನಿಂತರು. ನಾನು ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟೆ. ಸಾಮಾನ್ಯವಾದ 50 ಮಿ.ಮೀ. ಮಸೂರವಾಗಿದ್ದರೆ ಆ ಸಾಲನ್ನು ಪೂರ್ತಿ ಹಿಡಿಯಲು ಏಳೂವರೆ ಮೀಟರ್ ದೂರ ಬೇಕಿತ್ತು. ನನಗೆ ಸಿಕ್ಕಿದ್ದು ಐದೂವರೆ ಮೀಟರ್. 35 ಮಿ.ಮೀ. ಇದ್ದುದರಿಂದ ಎಲ್ಲರೂ ಚೌಕಟ್ಟಿನಲ್ಲಿ ಬಂದರು. ಕಿಟಕಿಯ ಮಂದ ಬೆಳಕಿಗೆ ಎಫ್ 2.8ರಲ್ಲಿ ಕ್ಯಾಮೆರಾದ ಹಳದಿ ದೀಪ ಹೊತ್ತಿ, ಕೈ ಅಲುಗುವ ಅಪಾಯವನ್ನು ಸೂಚಿಸಿತು. ಆಗ ದ್ವಾರವನ್ನು ಪೂರ್ತಿ ತೆರೆದು ಎಫ್ 1.8 ಮಾಡಿದೆ. ದೀಪ ಆರಿತು. ಗುಂಡಿ ಒತ್ತಿದೆ. ಬಹಳ ಜಾಣತನ ಮಾಡಿದೆನೆಂದು ಆಗ ಬೀಗಿದ್ದೆ.

ಸಾಲಿನ ಬಲ ತುದಿಯಲ್ಲಿ ನಿಂತಿದ್ದವರು ನಮ್ಮ ಶಾಲೆಯ ಅಟೆಂಡರ್. ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು. ಮುಖ್ಯೋಪಾಧ್ಯಾಯರು ಎರಡು ಸಲ "ಇಲ್ಲಿ ಬನ್ನಿ, ನನ್ನ ಪಕ್ಕ ನಿಲ್ಲಿ" ಎಂದು ಕರೆದರೂ "ಇಲ್ಲೇ ಸರಿಯಾಗಿದೆ ಸರ್" ಎಂದು ತುದಿಯಲ್ಲೇ ಉಳಿದರು. ಮುಂದಿನ ವರ್ಷ ಅವರು ತೀರಿಕೊಂಡರು. ಕೆಲವು ದಿನಗಳ ನಂತರ ಅವರ ಮಗಳು ಶಾಲೆಗೆ ಬಂದು, "ಸರ್, ಅಬ್ಬಾರದ್ದು ಒಂದು ಒಳ್ಳೆ ಫೋಟೊ ಮನೆಯಲ್ಲಿ ಇಲ್ಲ. ನಿಮ್ಮ ಹತ್ತಿರ ಇದೆಯಂತಲ್ಲ" ಎಂದರು. ಮೊಬೈಲಿನಲ್ಲಿ ತೆಗೆದ ಚಿತ್ರಗಳಲ್ಲೆಲ್ಲ ಅವರು ಚಹಾದ ತಟ್ಟೆ ಹಿಡಿದು ಯಾರದೋ ಹಿಂದೆ ಅರ್ಧ ಮರೆಯಾಗಿದ್ದರು. ಇದ್ದದ್ದು ನನ್ನ ಫೋಟೊ ಒಂದೇ.

ನೆಗೆಟಿವನ್ನು ದೊಡ್ಡದು ಮಾಡಿಸಿ ನೋಡಿದೆ. ನಡುವೆ ಕುಳಿತ ಮುಖ್ಯೋಪಾಧ್ಯಾಯರ ಕನ್ನಡಕದ ಕಡ್ಡಿಯೂ ಸ್ಪಷ್ಟ. ತುದಿಯಲ್ಲಿ ಚಾಚಾರ ಮುಖ ಮಸುಕು, ಕಪ್ಪು, ಸ್ವಲ್ಪ ಅಗಲಕ್ಕೆ ಎಳೆದಂತೆ. ಅವರು ಅಲುಗಿರಲಿಲ್ಲ. ಫೋಕಸ್ ಕೂಡ ತಪ್ಪಿರಲಿಲ್ಲ. ಐದೂವರೆ ಮೀಟರ್ ದೂರದಲ್ಲಿ ಆ ಮಸೂರಕ್ಕೆ ಸುಮಾರು ನಾಲ್ಕೂವರೆಯಿಂದ ಏಳು ಮೀಟರ್‌ವರೆಗೆ ಎಲ್ಲವೂ ಸ್ಪಷ್ಟವಾಗಿರಬೇಕು. ಹಾಗಾದರೆ ಏನಾಯಿತು? ಉತ್ತರ ಹುಡುಕುತ್ತಾ ಹೋದಾಗ ನನಗೆ ತಿಳಿದುಬಂದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ದ್ವಾರ ಹಿಗ್ಗಿದರೆ ದೋಷವೂ ಹಿಗ್ಗುತ್ತದೆ

ಮೊದಲು ಎಫ್ ಸಂಖ್ಯೆ ಎಂದರೇನು ಎಂದು ತಿಳಿಯೋಣ. ಮಸೂರದ ಸಂಗಮದೂರವನ್ನು ದ್ವಾರದ ವ್ಯಾಸದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಇದು. 35 ಮಿ.ಮೀ. ಮಸೂರದಲ್ಲಿ ಎಫ್ 1.4 ಎಂದರೆ ದ್ವಾರದ ವ್ಯಾಸ 25 ಮಿ.ಮೀ. ಎಫ್ 5.6 ಎಂದರೆ ಆರು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ವ್ಯಾಸ ನಾಲ್ಕು ಪಟ್ಟು, ಬೆಳಕು 16 ಪಟ್ಟು. ಎಫ್ 5.6ರಲ್ಲಿ ಸೆಕೆಂಡಿನ ನಾಲ್ಕನೇ ಒಂದು ಭಾಗ ಬೇಕಾಗುವ ಚಿತ್ರಕ್ಕೆ ಎಫ್ 1.4ರಲ್ಲಿ 60ನೇ ಒಂದು ಭಾಗ ಸಾಕು. ಇಷ್ಟು ವೇಗದ ಶಟರ್ ಬಳಸಲು ಬಿಡುವುದರಿಂದಲೇ ಇಂಥವನ್ನು ವೇಗದ ಮಸೂರ ಎನ್ನುತ್ತಾರೆ.

ಆದರೆ ಬೆಳಕು ಪುಕ್ಕಟೆಯಾಗಿ ಬರುವುದಿಲ್ಲ. ರಂಧ್ರ ಸಣ್ಣದಾದಷ್ಟೂ ಆಕಾರ ಸ್ಪಷ್ಟ, ದೊಡ್ಡದಾದಷ್ಟೂ ಆಕಾರ ಕದಡುತ್ತದೆ ಎಂಬುದನ್ನು ಸಾವಿರ ವರ್ಷಗಳ ಹಿಂದೆಯೇ ಬಸ್ರಾದಲ್ಲಿ ಹುಟ್ಟಿದ ಇಬ್ನುಲ್ ಹೈಸಮ್ ವಿಚಾರ ಮಾಡಿದ್ದರು. ಗ್ರಹಣ ಕಾಲದ ಸೂರ್ಯನ ಬೆಳಕು ಸಣ್ಣ ರಂಧ್ರದಿಂದ ಬಂದಾಗ ಗೋಡೆಯ ಮೇಲೆ ಕುಡುಗೋಲಿನಾಕಾರ ಬೀಳುತ್ತದೆ, ರಂಧ್ರ ದೊಡ್ಡದಾದರೆ ಆ ಆಕಾರ ಉಳಿಯುವುದಿಲ್ಲ. ಈ ಬಗ್ಗೆ ಅವರು ಪ್ರತ್ಯೇಕ ಪ್ರಬಂಧವನ್ನೇ ಬರೆದಿದ್ದಾರೆ. ನೀವು ಗ್ರಹಣದ ದಿನ ಮರದ ನೆರಳಿನಲ್ಲಿ ನೋಡಿರುವುದೂ ಇದನ್ನೇ. ರಂಧ್ರದಲ್ಲಿ ಗಾಜು ಕೂರಿಸಿದ ಮೇಲೆ ಚಿತ್ರ ಬಹಳಷ್ಟು ಸುಧಾರಿಸಿತು. ಆದರೂ ದೊಡ್ಡ ದ್ವಾರ ಮತ್ತು ಸ್ಪಷ್ಟ ಚಿತ್ರದ ನಡುವಿನ ಜಗಳ ಪೂರ್ತಿ ಮುಗಿಯಲಿಲ್ಲ.

ಜರ್ಮನಿಯ ಗಣಿತಜ್ಞ ಸೈಡೆಲ್ 1850ರ ದಶಕದಲ್ಲಿ ಮಸೂರದ ದೋಷಗಳನ್ನು ಐದಾಗಿ ವಿಂಗಡಿಸಿದರು. ಹತ್ತನೇ ತರಗತಿಯ ಮಕ್ಕಳು ಗಮನವಿಟ್ಟು ಕೇಳಿ. ಮೊದಲನೆಯದು ಗೋಳೀಯ ದೋಷ. ಗೋಳಾಕಾರದ ಗಾಜಿನ ಅಂಚಿನಲ್ಲಿ ಹಾದ ಕಿರಣಗಳು, ನಡುವೆ ಹಾದ ಕಿರಣಗಳು ಸೇರುವ ಜಾಗದಲ್ಲಿಯೇ ಸೇರುವುದಿಲ್ಲ. ಎರಡನೆಯದು ಕೋಮಾ. ಇದರಿಂದ ಚಿತ್ರದ ಅಂಚಿನಲ್ಲಿರುವ ದೀಪದ ಚುಕ್ಕೆ ಬಾಲವಿರುವ ಧೂಮಕೇತುವಿನಂತೆ ಕಾಣುತ್ತದೆ. ಮೂರನೆಯದು ಅಸ್ಟಿಗ್ಮ್ಯಾಟಿಸಮ್. ಇಲ್ಲಿ ಅಡ್ಡ ಗೆರೆ ಒಂದು ಕಡೆ, ಉದ್ದ ಗೆರೆ ಇನ್ನೊಂದು ಕಡೆ ಫೋಕಸ್ ಆಗುತ್ತದೆ. ನಾಲ್ಕನೆಯದು ಕ್ಷೇತ್ರದ ವಕ್ರತೆ. ಫಿಲಂ ಸಮತಟ್ಟಾಗಿದ್ದರೂ ಸ್ಪಷ್ಟ ಚಿತ್ರ ಬಟ್ಟಲಿನ ಆಕಾರದಲ್ಲಿ ಬಾಗಿರುತ್ತದೆ. ಐದನೆಯದು ನೇರ ಗೆರೆಗಳನ್ನು ಬಾಗಿಸುವ ವಿರೂಪ.

ಈಗ ಒಂದು ಲೆಕ್ಕ. ಎಫ್ 2.8ರಿಂದ ಎಫ್ 1.4ಕ್ಕೆ ಬಂದರೆ ದ್ವಾರದ ವ್ಯಾಸ ಎರಡು ಪಟ್ಟಾಗುತ್ತದೆ, ಬೆಳಕು ನಾಲ್ಕು ಪಟ್ಟಾಗುತ್ತದೆ. ಆದರೆ ಸೈಡೆಲರ ಲೆಕ್ಕದಂತೆ ಗೋಳೀಯ ದೋಷದ ಮಸುಕು ಎಂಟು ಪಟ್ಟು, ಕೋಮಾ ನಾಲ್ಕು ಪಟ್ಟು, ಅಸ್ಟಿಗ್ಮ್ಯಾಟಿಸಮ್ ಮತ್ತು ವಕ್ರತೆಯ ಮಸುಕು ಎರಡು ಪಟ್ಟು ಹೆಚ್ಚುತ್ತದೆ. ಇದು ದ್ವಾರದ ಮಾತಾಯಿತು. ಕೋನದ ಮಾತು ಬೇರೆ. ಚಿತ್ರದ ಮಧ್ಯದಿಂದ ದೂರ ಹೋದಷ್ಟೂ ಕೋಮಾ ಅದೇ ಪ್ರಮಾಣದಲ್ಲಿ ಏರುತ್ತದೆ, ಅಸ್ಟಿಗ್ಮ್ಯಾಟಿಸಮ್ ಮತ್ತು ವಕ್ರತೆ ದೂರದ ವರ್ಗದಂತೆ ಏರುತ್ತವೆ. ಅಂದರೆ ದ್ವಾರ ದೊಡ್ಡದಿರಲಿ, ಕೋನವೂ ವಿಶಾಲವಿರಲಿ ಎಂದು ಒಟ್ಟಿಗೆ ಕೇಳುವುದು ಮಸೂರ ಮಾಡುವವರಿಗೆ ಕೊಡುವ ಅತ್ಯಂತ ಕಠಿಣ ಪರೀಕ್ಷೆ. ನಡುವೆ ಕುಳಿತವರಿಗೆ ಕೋಮಾ ಇಲ್ಲ, ಅಸ್ಟಿಗ್ಮ್ಯಾಟಿಸಮ್ ಇಲ್ಲ, ವಕ್ರತೆಯ ತೊಂದರೆಯೂ ಇಲ್ಲ. ಅವರಿಗೆ ತಗಲುವುದು ಗೋಳೀಯ ದೋಷ ಒಂದೇ. ತುದಿಯಲ್ಲಿ ನಿಂತವರಿಗೆ ಐದೂ ತಗಲುತ್ತವೆ.

ಬೆಳಕಿನಲ್ಲೂ ತಾರತಮ್ಯ ಇದೆ. ಓರೆಯಾಗಿ ಬರುವ ಬೆಳಕು ಕೋನದ ಕೊಸೈನಿನ ನಾಲ್ಕನೇ ಘಾತದಂತೆ ಕಡಿಮೆಯಾಗುತ್ತದೆ. 35 ಮಿ.ಮೀ. ಮಸೂರದಲ್ಲಿ ಫಿಲಮಿನ ಮೂಲೆಗೆ ತಲುಪುವುದು ನಡುವಿನ ಅರ್ಧದಷ್ಟು ಬೆಳಕು. 28 ಮಿ.ಮೀ.ನಲ್ಲಿ ಶೇಕಡಾ 40ಕ್ಕೂ ಸ್ವಲ್ಪ ಕಡಿಮೆ, 21 ಮಿ.ಮೀ.ನಲ್ಲಿ ಕಾಲು ಭಾಗಕ್ಕಿಂತ ಕಡಿಮೆ. ಇದರ ಮೇಲೆ, ದ್ವಾರ ಪೂರ್ತಿ ತೆರೆದಿದ್ದರೆ ಮಸೂರದ ಕೊಳವೆಯ ಅಂಚೇ ಓರೆ ಕಿರಣಗಳಿಗೆ ಅಡ್ಡ ಬರುತ್ತದೆ. ಚಾಚಾರ ಮುಖ ಕಪ್ಪಾಗಿದ್ದಕ್ಕೆ ಇದೇ ಕಾರಣ. ಮುಖ ಅಗಲವಾಗಿದ್ದಕ್ಕೆ ಮಾತ್ರ ಮಸೂರವನ್ನು ದೂರುವಂತಿಲ್ಲ. ಗುಂಡಗಿನ ತಲೆಯನ್ನು ಸಮತಟ್ಟಾದ ಫಿಲಮಿನ ಮೇಲೆ ಓರೆಯಾಗಿ ಬೀಳಿಸಿದಾಗ ಅದು ಉದ್ದುದ್ದ ಎಳೆಯಲ್ಪಡುವುದು ರೇಖಾಗಣಿತದ ನಿಯಮ. 35 ಮಿ.ಮೀ. ಚಿತ್ರದ ಪಕ್ಕದ ಅಂಚಿನಲ್ಲಿ ಇದು ಸುಮಾರು ಶೇಕಡಾ 12ರಷ್ಟಿರುತ್ತದೆ.

ಕನ್ನಡಿ ಇಲ್ಲದ ಕ್ಯಾಮೆರಾದ ಅನುಕೂಲ

ಇಷ್ಟೆಲ್ಲ ಕಷ್ಟಗಳಿದ್ದರೂ ವಿಶಾಲಕೋನ ಮಸೂರಗಳಿಗೆ ರೇಂಜ್‌ಫೈಂಡರ್ ಕ್ಯಾಮೆರಾ ಒಳ್ಳೆಯ ಮನೆಯಾಯಿತು. ಜರ್ಮನಿಯ ವೆಟ್ಸ್ಲಾರ್ ಎಂಬ ಊರಿನಲ್ಲಿ ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ 1925ರಲ್ಲಿ ಮಾರುಕಟ್ಟೆಗೆ ಬಂತು. 1932ರಲ್ಲಿ ಲೈಕಾಗೂ, ಅದರ ಪ್ರತಿಸ್ಪರ್ಧಿ ಜೈಸ್ ಕಂಪನಿಯ ಕಾಂಟಾಕ್ಸ್‌ಗೂ ಮಸೂರದೊಂದಿಗೆ ಜೋಡಿಸಿದ ರೇಂಜ್‌ಫೈಂಡರ್ ಬಂತು. ಇದರಲ್ಲಿ ಎರಡು ಸಣ್ಣ ಕಿಟಕಿಗಳಿರುತ್ತವೆ. ನಮ್ಮ ಎರಡು ಕಣ್ಣುಗಳು ದೂರವನ್ನು ಅಳೆಯುವಂತೆ ಅವು ತ್ರಿಕೋನದ ಲೆಕ್ಕದಲ್ಲಿ ದೂರವನ್ನು ಅಳೆಯುತ್ತವೆ. ನೋಡುಗಿಂಡಿಯ ನಡುವೆ ಕಾಣುವ ಎರಡು ಬಿಂಬಗಳು ಒಂದಾದರೆ ಫೋಕಸ್ ಸರಿಯಾಯಿತೆಂದು ಅರ್ಥ.

ಈ ಕ್ಯಾಮೆರಾದಲ್ಲಿ ಮಸೂರದ ಹಿಂದೆ ಏಳುವ ಬೀಳುವ ಕನ್ನಡಿ ಇಲ್ಲ. 1954ರ ಲೈಕಾ ಎಂ3ರಿಂದ ಇಂದಿನವರೆಗೂ ನಡೆದುಬಂದಿರುವ ಎಂ ಜೋಡಣೆಯಲ್ಲಿ ಮಸೂರ ಕೂರುವ ಜಾಗಕ್ಕೂ ಫಿಲಮಿಗೂ ಇರುವ ಅಂತರ 27.8 ಮಿ.ಮೀ. 1959ರ ನಿಕಾನ್ ಎಫ್ ಮುಂತಾದ ಕನ್ನಡಿ ಕ್ಯಾಮೆರಾಗಳಲ್ಲಿ ಅದು 46.5 ಮಿ.ಮೀ. ಕನ್ನಡಿಗೆ ಜಾಗ ಬಿಡಲು ಅಲ್ಲಿ ವಿಶಾಲಕೋನ ಮಸೂರವನ್ನು ತಿರುಗಿಸಿದ ದೂರದರ್ಶಕದಂತೆ ಉದ್ದವಾಗಿ ಕಟ್ಟಬೇಕಾಯಿತು. ಫ್ರಾನ್ಸಿನ ಆಂಜೆನ್ಯೂ 1950ರಲ್ಲಿ ಈ ದಾರಿಯನ್ನು ತೋರಿಸಿಕೊಟ್ಟರು. ರೇಂಜ್‌ಫೈಂಡರಿನಲ್ಲಿ ಅಂಥ ಬಲವಂತ ಇರಲಿಲ್ಲ. ದ್ವಾರದ ಹಿಂದೆ ಮುಂದೆ ಹೆಚ್ಚುಕಡಿಮೆ ಒಂದೇ ರೀತಿಯ ಗಾಜುಗಳನ್ನು ಇಟ್ಟು ಸಮರೂಪ ಮಸೂರ ಕಟ್ಟಬಹುದಿತ್ತು. ಆಗ ಮುಂದಿನ ಅರ್ಧ ಮಾಡಿದ ವಿರೂಪವನ್ನು, ಕೋಮಾವನ್ನು, ಅಂಚಿನ ಬಣ್ಣಗಳ ಚದುರುವಿಕೆಯನ್ನು ಹಿಂದಿನ ಅರ್ಧ ಬಹುಪಾಲು ರದ್ದು ಮಾಡುತ್ತದೆ. ಜೈಸ್‌ಗಾಗಿ ಲುಡ್ವಿಗ್ ಬೆರ್ಟೆಲೆ ರೂಪಿಸಿದ 21 ಮಿ.ಮೀ. ಬಯೊಗಾನ್ 1954ರಲ್ಲಿ ಬಂದು ಇದನ್ನು ಸಾಧಿಸಿ ತೋರಿಸಿತು. ಅದರಲ್ಲಿ ಕಟ್ಟಡದ ಗೆರೆಗಳು ಅಳತೆಪಟ್ಟಿಯಿಂದ ಎಳೆದಂತೆ ನೇರವಾಗಿರುತ್ತಿದ್ದವು. ಆದರೆ ಅದರ ದ್ವಾರ ಎಫ್ 4.5. ಮಂದ ಬೆಳಕಿಗೆ ಅದು ಸಾಲದು.

ಮೂರು ಪೀಳಿಗೆಯ ಪ್ರಯತ್ನ

ವೇಗದ ವಿಶಾಲಕೋನ ಮಸೂರಗಳ ಓಟ 1950ರ ದಶಕದಲ್ಲಿ ಜಪಾನಿನಲ್ಲಿ ಬಿರುಸಾಯಿತು. 1956ರಲ್ಲಿ ನಿಕಾನ್ ಮತ್ತು ಕ್ಯಾನನ್ ಎರಡೂ 35 ಮಿ.ಮೀ. ಎಫ್ 1.8 ಮಸೂರಗಳನ್ನು ಹೊರತಂದವು. ನಿಕಾನಿನದರಲ್ಲಿ ಲ್ಯಾಂಥನಮ್ ಬೆರೆಸಿದ ಗಾಜು ಇತ್ತು. ಈ ಗಾಜು ಬೆಳಕನ್ನು ಹೆಚ್ಚು ಬಾಗಿಸುತ್ತದೆ, ಆದರೆ ಬಣ್ಣಗಳನ್ನು ಅಷ್ಟಾಗಿ ಚದುರಿಸುವುದಿಲ್ಲ. ಆದ್ದರಿಂದ ಮೇಲ್ಮೈಗಳ ಉಬ್ಬನ್ನು ಕಡಿಮೆ ಮಾಡಿ ದೋಷಗಳನ್ನೂ ಕಡಿಮೆ ಮಾಡಬಹುದು. 1958ರಲ್ಲಿ ಕ್ಯಾನನ್ ಎಫ್ 1.5ರವರೆಗೆ ಹೋಯಿತು.

1961ರ ಹೊತ್ತಿಗೆ ಲೈಟ್ಸ್ ಕಂಪನಿಯ 35 ಮಿ.ಮೀ. ಎಫ್ 1.4 ಸಮ್ಮಿಲಕ್ಸ್ ಬಂತು. ಇದು ಕೆನಡಾದ ಮಿಡ್‌ಲ್ಯಾಂಡ್ ಊರಿನಲ್ಲಿದ್ದ ಆ ಕಂಪನಿಯ ಶಾಖೆಯ ಕೊಡುಗೆ. ಏಳು ಗಾಜುಗಳಿದ್ದರೂ ಅಂಗೈಯಲ್ಲಿ ಅಡಗುವಷ್ಟು ಪುಟ್ಟದು. ಪೂರ್ತಿ ತೆರೆದಾಗ ಗೋಳೀಯ ದೋಷ ಮತ್ತು ಕೋಮಾ ಧಾರಾಳವಾಗಿ ಉಳಿದಿದ್ದರಿಂದ ದೀಪಗಳ ಸುತ್ತ, ಬಿಳಿ ಬಟ್ಟೆಯ ಸುತ್ತ ಒಂದು ಹಾಲಿನಂಥ ಪ್ರಭೆ ಕಾಣುತ್ತಿತ್ತು. ಮೂಲೆಗಳು ಮೆತ್ತಗಿರುತ್ತಿದ್ದವು. ದ್ವಾರವನ್ನು ಎಫ್ 4 ಅಥವಾ 5.6ಕ್ಕೆ ಕಿರಿದು ಮಾಡಿದರೆ ಅದೇ ಮಸೂರ ಬೇರೆಯದೇ ಎಂಬಂತೆ ಚುರುಕಾಗುತ್ತಿತ್ತು. ಈ ರಚನೆ ಸುಮಾರು ಮೂರು ದಶಕ ತಯಾರಿಕೆಯಲ್ಲಿ ಉಳಿಯಿತು.

ಗೋಳದ ಆಕಾರವೇ ದೋಷದ ಮೂಲವಾದರೆ ಗೋಳವಲ್ಲದ ಆಕಾರವನ್ನು ಏಕೆ ಉಜ್ಜಬಾರದು? ಈ ವಿಚಾರ ಹಳೆಯದು, ಕೆಲಸ ಮಾತ್ರ ಕಷ್ಟದ್ದು. ಎರಡು ಗೋಳದ ಮೇಲ್ಮೈಗಳನ್ನು ಒಂದರ ಮೇಲೊಂದು ಉಜ್ಜಿದರೆ ಅವು ತಾವಾಗಿಯೇ ಗೋಳವಾಗುತ್ತವೆ. ಬೇರೆ ಆಕಾರಕ್ಕೆ ಅಂಥ ಸಹಾಯ ಇಲ್ಲ. 1966ರಲ್ಲಿ ಲೈಟ್ಸ್ ಹೊರತಂದ 50 ಮಿ.ಮೀ. ಎಫ್ 1.2 ನಾಕ್ಟಿಲಕ್ಸ್‌ನಲ್ಲಿ ಇಂಥ ಮೇಲ್ಮೈಗಳನ್ನು ಕೈಯಿಂದ ಉಜ್ಜಿ ತಯಾರಿಸುತ್ತಿದ್ದರು. ಆದ್ದರಿಂದ ಬೆಲೆ ದುಬಾರಿ, ಸಂಖ್ಯೆ ಕಡಿಮೆ. 35 ಮಿ.ಮೀ. ಎಫ್ 1.4ಕ್ಕೆ ಆ ಭಾಗ್ಯ ಬಂದದ್ದು 1990ರ ಆಸುಪಾಸಿನಲ್ಲಿ. 1994ರಲ್ಲಿ ಬಂದ ಮುಂದಿನ ಮಾದರಿಯಲ್ಲಿ ಬಿಸಿ ಮಾಡಿದ ಗಾಜನ್ನು ಅಚ್ಚಿನಲ್ಲಿ ಒತ್ತಿ ಆ ಆಕಾರವನ್ನು ಪಡೆದರು. ಆಗಿನಿಂದ ಪೂರ್ತಿ ತೆರೆದ ದ್ವಾರದಲ್ಲೂ ನಡುಭಾಗ ಚುರುಕಾಗಿ, ಅಂಚಿನ ಮುಖಗಳೂ ಗುರುತಿಸುವಂತಾದವು.

ಆದರೆ ಒಂದು ದೋಷವನ್ನು ತಳ್ಳಿದರೆ ಇನ್ನೊಂದು ಇಣುಕುತ್ತದೆ. ಗೋಳೀಯ ದೋಷ ಸ್ವಲ್ಪ ಉಳಿದಿರುವ ಮಸೂರದಲ್ಲಿ ದ್ವಾರವನ್ನು ಕಿರಿದು ಮಾಡುತ್ತಾ ಹೋದಂತೆ ಫೋಕಸ್ ಬಿಂದು ಹಿಂದಕ್ಕೆ ಜರುಗುತ್ತದೆ. ಚಿತ್ರ ಹಿಡಿಯುವ ದ್ವಾರದಲ್ಲೇ ಮಸೂರದ ಮೂಲಕ ನೋಡುವ ಅವಕಾಶವಿದ್ದರೆ ಇದನ್ನು ಕಂಡು ಸರಿಪಡಿಸಬಹುದು. ರೇಂಜ್‌ಫೈಂಡರ್ ಮಸೂರದ ಮೂಲಕ ನೋಡುವುದೇ ಇಲ್ಲ. ಅದು ದೂರವನ್ನು ಅಳೆಯುತ್ತದೆ, ಅಷ್ಟೇ. ಹಾಗಾಗಿ ಬಿಂಬಗಳೆರಡು ಒಂದಾಗಿದ್ದರೂ ಕಣ್ಣಿನ ಬದಲು ಕಿವಿ ಸ್ಪಷ್ಟವಾಗಬಹುದು. ಎರಡು ಮೀಟರ್ ದೂರದಲ್ಲಿ 35 ಮಿ.ಮೀ. ಎಫ್ 1.4 ಮಸೂರದ ಸ್ಪಷ್ಟತೆಯ ಆಳ ಒಟ್ಟು 27 ಸೆಂಟಿಮೀಟರ್ ಮಾತ್ರ, ಎಫ್ 8ರಲ್ಲಿ ಅದು ಒಂದೂಮುಕ್ಕಾಲು ಮೀಟರಿಗೂ ಹೆಚ್ಚು. 1994ರ ಮಸೂರಕ್ಕೆ ಈ ಜರುಗುವಿಕೆಯ ಆಪಾದನೆ ಇತ್ತು. 2010ರ ಮಾದರಿಯಲ್ಲಿ ಹಿಂಭಾಗದ ಗಾಜುಗಳ ಗುಂಪು ಫೋಕಸ್ ಮಾಡುವಾಗ ಪ್ರತ್ಯೇಕವಾಗಿ ಚಲಿಸುವಂತೆ ಮಾಡಿ ಇದನ್ನು ಬಹಳಷ್ಟು ಕಡಿಮೆ ಮಾಡಿದರು.

ಜಪಾನಿನ ಕೊಸಿನಾ ಕಂಪನಿಯವರು ಫಾಯ್ಕ್ಟ್‌ಲೆಂಡರ್ ಎಂಬ ಹಳೆಯ ಜರ್ಮನ್ ಹೆಸರಿನಲ್ಲಿ 2003ರಲ್ಲಿ 35 ಮಿ.ಮೀ. ಎಫ್ 1.2 ನಾಕ್ಟಾನ್ ತಂದರು. ಲೈಕಾದ ಬೆಲೆ ಕೊಡಲಾಗದವರಿಗೂ ವೇಗದ ಮಸೂರ ಸಿಕ್ಕಿತು. ಆದರೆ ತೂಕ ಸುಮಾರು ಅರ್ಧ ಕಿಲೋ. ರೇಂಜ್‌ಫೈಂಡರಿನಲ್ಲಿ ದಪ್ಪ ಮಸೂರ ಹಾಕಿದರೆ ನೋಡುಗಿಂಡಿಯ ಕೆಳಮೂಲೆಯನ್ನು ಅದೇ ಮುಚ್ಚಿಬಿಡುತ್ತದೆ. ಆದ್ದರಿಂದ ಇಲ್ಲಿ ಮಸೂರ ಚೆನ್ನಾಗಿದ್ದರೆ ಸಾಲದು, ಚಿಕ್ಕದಾಗಿಯೂ ಇರಬೇಕು. ಬೆಳಕು, ಸ್ಪಷ್ಟತೆ, ಗಾತ್ರ, ಬೆಲೆ ಈ ನಾಲ್ಕನ್ನೂ ಒಟ್ಟಿಗೆ ಗೆದ್ದ ಮಸೂರ ಒಂದೂ ಇಲ್ಲ.

ಫಿಲಂ ಹೋಗಿ ಸೆನ್ಸರ್ ಬಂದಾಗ

ಫಿಲಮಿಗೆ ಬೆಳಕು ಯಾವ ಓರೆಯಲ್ಲಿ ಬಂದರೂ ಹೆಚ್ಚಿನ ತಕರಾರಿಲ್ಲ. ಡಿಜಿಟಲ್ ಸೆನ್ಸರ್ ಹಾಗಲ್ಲ. ಅದರ ಪ್ರತಿ ಬೆಳಕಿನ ಕೋಶವೂ ಒಂದು ಸಣ್ಣ ಬಾವಿಯಂತೆ. ನೇರವಾಗಿ ಬಿದ್ದ ಬೆಳಕು ತಳ ಮುಟ್ಟುತ್ತದೆ, ಓರೆಯಾಗಿ ಬಂದದ್ದು ಗೋಡೆಗೆ ಬಡಿಯುತ್ತದೆ ಅಥವಾ ಪಕ್ಕದ ಬಾವಿಗೆ ಬೀಳುತ್ತದೆ. ಫಿಲಂ ಕಾಲದಲ್ಲಿ ವರವಾಗಿದ್ದ ಸಮರೂಪ ರಚನೆ, ಅಂದರೆ ಫಿಲಮಿಗೆ ಬಹಳ ಹತ್ತಿರವಿದ್ದ ಹಿಂದಿನ ಗಾಜು, ಈಗ ಸಮಸ್ಯೆಯಾಯಿತು. ಚಿತ್ರದ ಅಂಚುಗಳು ಕಪ್ಪಾಗುವುದು, ಒಂದು ಪಕ್ಕ ಕೆಂಪು ಅಥವಾ ನೇರಳೆ ಬಣ್ಣ ಹತ್ತುವುದು ಕಾಣಿಸಿತು.

ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಎಪ್ಸನ್ ಆರ್‌ಡಿ1 ಬಂದದ್ದು 2004ರಲ್ಲಿ. 2006ರಲ್ಲಿ ಲೈಕಾ ಎಂ8 ಬಂತು. ಇವೆರಡರ ಸೆನ್ಸರ್‌ಗಳೂ ಫಿಲಮಿಗಿಂತ ಚಿಕ್ಕವು. ಅಂಚನ್ನು ಕತ್ತರಿಸಿ ಹಾಕಿ ಸಮಸ್ಯೆಯನ್ನು ಅರ್ಧ ತಪ್ಪಿಸಿದರು ಎನ್ನಬಹುದು. 2009ರ ಎಂ9ರಲ್ಲಿ ಪೂರ್ಣ ಅಳತೆಯ ಸೆನ್ಸರ್ ಬಂತು. ಸೆನ್ಸರಿನ ಮೇಲಿರುವ ಅತಿಸೂಕ್ಷ್ಮ ಮಸೂರಗಳನ್ನು ಅಂಚಿನ ಕಡೆ ಸ್ವಲ್ಪ ಸ್ವಲ್ಪವೇ ಒಳಕ್ಕೆ ಜರುಗಿಸಿ ಓರೆ ಬೆಳಕನ್ನು ಹಿಡಿಯುವಂತೆ ಮಾಡಿದರು. ಮೇಲಿನ ಗಾಜಿನ ಹೊದಿಕೆಯನ್ನು ತೆಳುವಾಗಿಟ್ಟರು. ಇದು ಸಣ್ಣ ಮಾತಲ್ಲ. ಹೊದಿಕೆ ದಪ್ಪವಿರುವ ಬೇರೆ ಕ್ಯಾಮೆರಾಗಳಿಗೆ ಅದೇ ಹಳೆಯ ವಿಶಾಲಕೋನ ಮಸೂರ ಹಾಕಿದರೆ ಮೂಲೆಗಳು ಒದ್ದೆ ಬೆರಳಿನಿಂದ ತೀಡಿದಂತೆ ಕಾಣುತ್ತವೆ. ಆದ್ದರಿಂದ ಮಸೂರ ಚೆನ್ನಾಗಿಲ್ಲ ಎನ್ನುವ ಮೊದಲು ಅದು ಯಾವ ಮನೆಗಾಗಿ ಹುಟ್ಟಿದ್ದು ಎಂದು ಕೇಳಬೇಕು. 2008ರಲ್ಲಿ ಲೈಕಾ 21 ಮತ್ತು 24 ಮಿ.ಮೀ.ಗಳಲ್ಲೂ ಎಫ್ 1.4 ತಂದಿತು. 2014ರಲ್ಲಿ ಜೈಸ್ ಹೊರತಂದ 35 ಮಿ.ಮೀ. ಎಫ್ 1.4 ಡಿಸ್ಟಾಗಾನ್‌ನಲ್ಲಿ, ಕನ್ನಡಿ ಕ್ಯಾಮೆರಾಗಳಿಗೆ ಅನಿವಾರ್ಯವಾಗಿದ್ದ ಆ ಉದ್ದನೆಯ ರಚನೆಯನ್ನೇ ಬೇಕೆಂದು ಆರಿಸಿಕೊಂಡರು. ಹಾಗೆ ಮಾಡಿದರೆ ಕಿರಣಗಳು ಅಂಚಿನಲ್ಲೂ ಹೆಚ್ಚು ನೇರವಾಗಿ ಬೀಳುತ್ತವೆ. ಬೆಲೆಯಾಗಿ ತೆತ್ತದ್ದು ಗಾತ್ರ.

ಗುಣಮಟ್ಟ ಎಂದರೆ ಯಾವುದು?

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು. ಹೊಸದು ಇಷ್ಟು ಚೆನ್ನಾಗಿದ್ದರೆ ಹಳೆಯದನ್ನು ಯಾರು ಕೇಳುತ್ತಾರೆ? ಕೇಳುವವರಿದ್ದಾರೆ. 1961ರ ಆ ಪುಟ್ಟ ಸಮ್ಮಿಲಕ್ಸನ್ನು ಲೈಕಾ 2022ರಲ್ಲಿ ಅದೇ ರಚನೆಯಲ್ಲಿ ಮತ್ತೆ ತಯಾರಿಸಿ ಮಾರಿತು. ಕೊಸಿನಾದವರು ತಮ್ಮ 35 ಮಿ.ಮೀ. ಎಫ್ 1.4 ಮಸೂರವನ್ನು ಬಹುಪದರ ಲೇಪನದಲ್ಲೂ, ಹಳೆಯ ಕಾಲದಂತೆ ಒಂದೇ ಪದರದ ಲೇಪನದಲ್ಲೂ ಕೊಟ್ಟರು. ಲೇಪನವೇ ಇಲ್ಲದ ಗಾಜಿನ ಪ್ರತಿ ಮೇಲ್ಮೈಯೂ ಸುಮಾರು ಶೇಕಡಾ 4ರಷ್ಟು ಬೆಳಕನ್ನು ಪ್ರತಿಫಲಿಸುತ್ತದೆ. ಅಂಥ ಹತ್ತು ಮೇಲ್ಮೈಗಳಿದ್ದರೆ ಮೂರನೇ ಒಂದು ಭಾಗ ಬೆಳಕು ದಾರಿಯಲ್ಲೇ ಕಳೆದುಹೋಗುತ್ತದೆ, ಅದರಲ್ಲಿ ಕೊಂಚ ಭಾಗ ಮಂಜಿನಂತೆ ಚಿತ್ರದ ಮೇಲೆ ಹರಡುತ್ತದೆ. 1935ರಲ್ಲಿ ಜೈಸ್‌ನ ಸ್ಮಾಕುಲಾ ಕಂಡುಹಿಡಿದ ಲೇಪನ ಈ ನಷ್ಟವನ್ನು ತಡೆಯಿತು. ಆದರೂ ನೆರಳನ್ನು ಸ್ವಲ್ಪ ಮೃದು ಮಾಡುವ ಆ ಮಂಜು ಬೇಕೆನ್ನುವವರಿಗಾಗಿ ಒಂದು ಪದರದ ಲೇಪನ ಉಳಿದಿದೆ.

ಭಾಷಾ ಶಿಕ್ಷಕನಾಗಿ ನನಗೆ ಇದು ಅರ್ಥವಾಗುತ್ತದೆ. ಒಂದೇ ಶೇರನ್ನು ಒಬ್ಬರು ಸ್ಪಷ್ಟ ಉಚ್ಚಾರದಲ್ಲಿ ಓದುತ್ತಾರೆ, ಇನ್ನೊಬ್ಬರು ಕೊಂಚ ಒಡೆದ ದನಿಯಲ್ಲಿ ಹಾಡುತ್ತಾರೆ. ಎರಡಕ್ಕೂ ಕೇಳುಗರಿದ್ದಾರೆ. ಆದರೆ ಪದವೇ ಕೇಳಿಸದಿದ್ದರೆ ಅದನ್ನು ಶೈಲಿ ಎನ್ನಲಾಗದು. ಮಸೂರಕ್ಕೂ ಈ ಮಾತು ಸಲ್ಲುತ್ತದೆ. ಕಂಪನಿಗಳು ಪ್ರಕಟಿಸುವ ನಕ್ಷೆಗಳಲ್ಲಿ ಮಿಲಿಮೀಟರಿಗೆ 5, 10, 20, 40 ಜೋಡಿ ಗೆರೆಗಳನ್ನು ಮಸೂರ ಎಷ್ಟು ಗಾಢವಾಗಿ ತೋರಿಸುತ್ತದೆ ಎಂಬುದು ನಡುವಿನಿಂದ ಮೂಲೆಯವರೆಗೆ ಇರುತ್ತದೆ. ಹೆಚ್ಚಿನವರು ಎಡತುದಿಯನ್ನು, ಅಂದರೆ ಚಿತ್ರದ ನಡುವನ್ನು ನೋಡಿ ಹೊಗಳುತ್ತಾರೆ. ನೀವು ಬಲತುದಿಯನ್ನೂ ನೋಡಿ. ಅಲ್ಲಿ ಗೆರೆ ಎಷ್ಟು ಕುಸಿದಿದೆ ಎಂಬುದೇ ಮಸೂರದ ಪ್ರಾಮಾಣಿಕತೆಯ ಅಳತೆ.

ನೆನಪಿಡಬೇಕಾದ ಕೆಲವು ಮಾತು

ನಕ್ಷೆ ಸಿಗದವರು ತಾವೇ ಪರೀಕ್ಷಿಸಬಹುದು. ಇಟ್ಟಿಗೆಯ ಗೋಡೆಗೆ ನೇರವಾಗಿ ನಿಂತು ಪೂರ್ತಿ ತೆರೆದ ದ್ವಾರದಿಂದ ಎಫ್ 8ರವರೆಗೆ ಒಂದೊಂದು ಚಿತ್ರ ತೆಗೆಯಿರಿ. ಮೂಲೆಯ ಇಟ್ಟಿಗೆ ಯಾವ ದ್ವಾರದಲ್ಲಿ ಸ್ಪಷ್ಟವಾಯಿತೆಂದು ಬರೆದಿಟ್ಟುಕೊಳ್ಳಿ. ರಾತ್ರಿ ಬೀದಿದೀಪವೊಂದನ್ನು ಚೌಕಟ್ಟಿನ ಮೂಲೆಯಲ್ಲಿಟ್ಟು ನೋಡಿ. ಅದು ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಕಂಡರೆ ನಿಮ್ಮ ಮಸೂರದಲ್ಲಿ ಕೋಮಾ ಇದೆ.

ಗುಂಪಿನ ಫೋಟೊ ತೆಗೆಯುವಾಗ ಪಕ್ಕಗಳಲ್ಲಿ ಒಬ್ಬೊಬ್ಬರು ನಿಲ್ಲುವಷ್ಟು ಜಾಗ ಖಾಲಿ ಬಿಡಿ. ಎರಡು ಸಾಲಿನ ಬದಲು ಮೂರು ಸಾಲು ಮಾಡಿದರೆ ಯಾರೂ ಅಂಚಿಗೆ ಹೋಗಬೇಕಾಗಿಲ್ಲ. ಕ್ಯಾಮೆರಾವನ್ನು ಕುರ್ಚಿಯ ಮೇಲೋ ಮೇಜಿನ ಮೇಲೋ ಗಟ್ಟಿಯಾಗಿಟ್ಟು, ಎಲ್ಲರಿಗೂ ಒಂದು ಕ್ಷಣ ಅಲುಗಬೇಡಿ ಎಂದು ಹೇಳಿ ದ್ವಾರವನ್ನು ಎಫ್ 4ಕ್ಕೆ ತನ್ನಿ. ಅಂದು ನಾನೂ ಹೀಗೆ ಮಾಡಬಹುದಿತ್ತು. ಹಾಲಿನಲ್ಲಿ ಮೇಜು ಇತ್ತು, ನನ್ನ ತಲೆಯಲ್ಲಿ ಅದು ಹೊಳೆಯಲಿಲ್ಲ. ಎಫ್ 1.8 ಎಂಬ ಅಂಕಿಯ ಹೆಮ್ಮೆ ನನ್ನನ್ನು ಕುರುಡು ಮಾಡಿತ್ತು.

ಆ ಫೋಟೊವನ್ನು ಚಾಚಾರ ಮಗಳಿಗೆ ಕೊಡುವಾಗ ನನ್ನ ಕೈ ಹಿಂಜರಿಯಿತು. "ಅಷ್ಟು ಚೆನ್ನಾಗಿ ಬಂದಿಲ್ಲಮ್ಮ, ತಪ್ಪು ನನ್ನದು" ಎಂದೆ. ಅವರು ಬಹಳ ಹೊತ್ತು ನೋಡಿ, "ಅಬ್ಬಾನೇ ಸರ್. ಕೈ ಕಟ್ಟಿಕೊಂಡು ನಿಂತಿರೋದು ನೋಡಿದರೆ ಸಾಕು" ಎಂದು ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಮಸೂರ ಮುಖವನ್ನು ಕಳೆದಿತ್ತು, ನಿಲುವನ್ನು ಉಳಿಸಿತ್ತು. ಪೂರ್ತಿ ತೆರೆದ ಆ ದ್ವಾರ ಇಲ್ಲದಿದ್ದರೆ ಬಹುಶಃ ಅದೂ ಸಿಗುತ್ತಿರಲಿಲ್ಲ. ಆದರೂ ಅವರು ಒಂದು ಹೆಜ್ಜೆ ಒಳಗೆ ನಿಂತಿದ್ದರೆ, ನಾನು ಹೋಗಿ ಕೈ ಹಿಡಿದು ಕರೆತಂದಿದ್ದರೆ ಎಂದು ಇಂದಿಗೂ ಅನ್ನಿಸುತ್ತದೆ.

ಶಿಕ್ಷಕ ಬಂಧುಗಳೇ, ನಮ್ಮ ತರಗತಿಯೂ ಒಂದು ಚೌಕಟ್ಟೇ. ನಮ್ಮ ಗಮನವೂ ನಡುವಿನವರ ಮೇಲೆ ಚುರುಕಾಗಿಯೂ ಅಂಚಿನವರ ಮೇಲೆ ಮಸುಕಾಗಿಯೂ ಬೀಳುತ್ತದೆ. ಮಸೂರ ಮಾಡುವವರು ಅಂಚಿನ ಒಂದು ಮಿಲಿಮೀಟರಿಗಾಗಿ ಅರ್ಧ ಶತಮಾನ ದುಡಿದಿದ್ದಾರೆ. ವಿದ್ಯಾರ್ಥಿಗಳೇ, ನಾಳೆ ನಿಮ್ಮ ಕೈಗೆ ಕ್ಯಾಮೆರಾವೋ ಮೊಬೈಲೋ ಬಂದಾಗ ಗುಂಡಿ ಒತ್ತುವ ಮೊದಲು ಚೌಕಟ್ಟಿನ ನಾಲ್ಕೂ ಮೂಲೆ ನೋಡಿ. ಅಲ್ಲಿ ಯಾರಾದರೂ ನಿಂತಿದ್ದರೆ ಒಳಗೆ ಕರೆಯಿರಿ. ಬರುವುದಿಲ್ಲ ಎಂದರೆ ಮತ್ತೊಮ್ಮೆ ಕರೆಯಿರಿ.